ನಲವತ್ತೊಂದನೇ ತೋಟದ ಹೊಸ್ತಿಲು

"ಫೋಟೋ ಗೇಟಿನ ಹೊರಗಿಂದಲೇ ಹೊಡಿ. ಒಳಗೆ ಹೋಗ್ಲೇಬೇಕು ಅಂತಾದ್ರೆ ಹೋಗು. ಆದ್ರೆ ಬಾಯಿ ಬಿಡಬೇಡ" ಎಂದರು ಕಜೆಟನ್.

ಲತೀಶನಿಗೆ ನಗು ತಡೆಯಲಾಗಲಿಲ್ಲ. "ಎಂತ ಪೊರ್ಬುಗಳೇ, ಒಳಗೆ ಚಿನ್ನ ಹೂತಿಟ್ಟಿದ್ದೀರಾ?"

"ಒಂದು ಸಲ ಹೇಳಿದೆ. ಈಗ ಎರಡನೇ ಸಲ. ಬಾಯಿ ಬಿಡಬೇಡ." ಕಜೆಟನ್ ಬೆರಳು ಮಡಚಿದರು. ಪಿಕಪ್‌ನ ಬಾಗಿಲು ಹಾಕುವಾಗ ಕಿಟಕಿಯ ಹತ್ತಿರ ಬಂದು ಇನ್ನೊಮ್ಮೆ ಅದೇ ಮಾತು ಹೇಳಿ ಮೂರನೇ ಬೆರಳನ್ನೂ ಮಡಚಿದರು. ಎಚ್ಚರಿಕೆ ಕೊಡುವವರು ಲೆಕ್ಕ ಇಟ್ಟುಕೊಂಡು ಕೊಡುತ್ತಾರೆಯೇ ಎಂದು ಲತೀಶ ಆಗಲೇ ಯೋಚಿಸಬೇಕಿತ್ತು. ಯೋಚಿಸಲಿಲ್ಲ. ಹಾಡು ಹಾಕಿಕೊಂಡು ಹೊರಟ.

ಉಮ್ ಸಿದರ್‌ನ ಬಲದಿಯಾ, ಎಂದರೆ ಪುರಸಭೆ, ಅರವತ್ತೆರಡು ತೋಟಗಳಿಗೆಂದೇ ಇದ್ದ ಪುರಸಭೆ. ಮೂರು ಪೋರ್ಟಾ ಕ್ಯಾಬಿನ್, ಒಂದು ನೀರಿನ ಟ್ಯಾಂಕಿ, ಬಿಸಿಲಿಗೆ ಬಣ್ಣ ಬಿಟ್ಟ ಒಂದು ಧ್ವಜ. ಮುಖ್ಯಾಧಿಕಾರಿ ಮುದೀರ್ ಸಾಹೇಬರು ವಾರಕ್ಕೆರಡು ಸಲ ಬಂದು ಸಹಿ ಹಾಕಿ, ಕಾಫಿ ಕುಡಿದು, ಕುವೈತ್ ಸಿಟಿಗೆ ವಾಪಸು. ಉತ್ತರಕ್ಕೆ ಎಂಟು ಕಿಲೋಮೀಟರು ಹೋದರೆ ಮರಳಿನ ದಿಬ್ಬ, ತಂತಿಬೇಲಿ, ಅದರಾಚೆ ಇರಾಕ್. ಗಾಳಿ ಆ ಕಡೆಯಿಂದ ಬೀಸಿದ ದಿನ ಮೊಬೈಲಿಗೆ ಆ ದೇಶದ ಸ್ವಾಗತದ ಮೆಸೇಜು ಬಂದು ಬೀಳುತ್ತಿತ್ತು. ಟೊಮೆಟೊ, ಸೌತೆಕಾಯಿಯ ಪ್ಲಾಸ್ಟಿಕ್ ಮನೆಗಳು, ಕೋಳಿಫಾರಂ ಗೊಬ್ಬರದ ವಾಸನೆ, ಮುಖಕ್ಕೆ ಮುತ್ತುವ ನೊಣ. ಇಷ್ಟೇ ಊರು.

ಲತೀಶ ಕುವೈತಿಗೆ ಬಂದು ಎರಡು ವರ್ಷ, ಉಮ್ ಸಿದರ್‌ಗೆ ಬಂದು ನಾಲ್ಕು ತಿಂಗಳಾಗಿತ್ತು. ಗುತ್ತಿಗೆ ಕಂಪೆನಿಯ ಕೆಲಸ: ಪ್ರತಿ ತೋಟಕ್ಕೂ ಹೋಗಿ, ನಕ್ಷೆಯಲ್ಲಿ ಇದ್ದ ಹಾಗೆ ಇದೆಯೋ ಇಲ್ಲವೋ ನೋಡಿ, ಒಳಗಿನಿಂದ ನಾಲ್ಕು ಫೋಟೋ ತೆಗೆದು ಟ್ಯಾಬಿಗೆ ಹಾಕುವುದು. ಅರವತ್ತೊಂದು ಮುಗಿದಿತ್ತು. ನಲವತ್ತೊಂದನೇ ನಂಬರಿನದ್ದು ಮಾತ್ರ ಬಾಕಿ. ಅದು ಮುಗಿದರೆ ಮುದೀರ್ ಅವನ ರಜೆಗೆ ಸಹಿ ಹಾಕುತ್ತೇನೆ ಎಂದಿದ್ದರು. ಆ ರಜೆ ಅವನಿಗೆ ಜೀವದಷ್ಟು ಮುಖ್ಯವಾಗಿತ್ತು. ಗುರುವಾರ ಹೆಂಡತಿ ನವ್ಯಶ್ರೀ ಮತ್ತು ಆರು ವರ್ಷದ ಮಗಳು ಅಶ್ಮಿತಾ ವಿಸಿಟ್ ವೀಸಾದಲ್ಲಿ ಬರುವವರಿದ್ದರು. ಮಗಳನ್ನು ಅವನು ಕಣ್ಣಾರೆ ನೋಡದೆ ಎರಡು ವರ್ಷ. ಕುವೈತ್ ಸಿಟಿ ಪಕ್ಕದ ಹವಲ್ಲಿಯಲ್ಲಿ ಒಂದು ಫ್ಲ್ಯಾಟ್ ಹಿಡಿದು, ಅವಳಿಗೆಂದು ಗುಲಾಬಿ ಬಣ್ಣದ ಬೆಡ್‌ಶೀಟನ್ನೂ ತಂದಿಟ್ಟಿದ್ದ.

ಇನ್ನು ಕಜೆಟನ್. ಬಲದಿಯಾದ ಹಳೆಯ ಫೈಲು ನೋಡಿಕೊಳ್ಳುವವರು, ಮಂಗಳೂರು ಕಡೆಯ ಕೊಂಕಣಿ ಕ್ರಿಶ್ಚಿಯನ್ನರು, ನಮ್ಮ ಕಡೆಯವರ ಬಾಯಲ್ಲಿ ಪೊರ್ಬುಗಳು. ಇಪ್ಪತ್ತೆರಡು ವರ್ಷದಿಂದ ಅದೇ ಕುರ್ಚಿ, ಊರಿಗೆ ಒಮ್ಮೆಯೂ ಹೋಗಿಲ್ಲವಂತೆ. ದಿನಾ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ತಮ್ಮ ಹಳೆ ಕಾರಿನಲ್ಲಿ ನಲವತ್ತೊಂದರ ಕಡೆ ಹೋಗಿ ಅರ್ಧ ಗಂಟೆಯಲ್ಲಿ ಬರುತ್ತಿದ್ದರು. ಶುಕ್ರವಾರವೂ ಬಿಡುವಿಲ್ಲ. ಲತೀಶನ ಲೆಕ್ಕದಲ್ಲಿ ಇದಕ್ಕೆ ಒಂದೇ ಅರ್ಥ. ಪೊರ್ಬುಗಳದ್ದು ಅಲ್ಲಿ ಕಳ್ಳಭಟ್ಟಿ ಉಂಟು. ಕುಡಿಯುವುದೇ ಅಪರಾಧವಾದ ದೇಶದಲ್ಲಿ ಕಾಯಿಸುವವನು ಹೆದರಿಸದೆ ಇರುತ್ತಾನೆಯೇ. ತನ್ನ ಗುಟ್ಟು ಮುಚ್ಚಲು ಮುದುಕ ಕತೆ ಕಟ್ಟುತ್ತಿದ್ದಾನೆ ಅಂದುಕೊಂಡ.

ಗೇಟಿಗೆ ಬೀಗ ಇರಲಿಲ್ಲ.

ಒಳಗೆ ಕಾಲಿಟ್ಟ ಕೂಡಲೇ ಸದ್ದು ನಿಂತಿತು. ಪಕ್ಕದ ತೋಟದ ಪಂಪ್‌ಸೆಟ್ಟು, ರಸ್ತೆಯ ಲಾರಿ, ಕೋಳಿಗಳ ಗದ್ದಲ, ಎಲ್ಲವೂ ಕಿವಿಗೆ ಹತ್ತಿ ತುರುಕಿದ ಹಾಗೆ ಕಟ್ಟಾಯಿತು. ಒಣಗಿ ನಿಂತ ಖರ್ಜೂರದ ಮರಗಳ ಕೊನೆಯಲ್ಲಿ ತಗ್ಗು ಮಾಡಿನ ಒಂದು ಮಣ್ಣಿನ ಮನೆ. ಲೋಬಾನದ ಹೊಗೆ, ಅದರಡಿಯಲ್ಲಿ ಕೂದಲು ಸುಟ್ಟ ವಾಸನೆ. ಅದಕ್ಕೂ ಅಡಿಯಲ್ಲಿ ಎಷ್ಟೋ ಕಾಲದಿಂದ ತೆಗೆಯದ ಬಾವಿನೀರಿನ ವಾಸನೆ. ಭಟ್ಟಿಯ ವಾಸನೆ ಇರಲಿಲ್ಲ.

ಬಾಗಿಲಲ್ಲಿ ಒಬ್ಬ ಮುದುಕಿ ಕೂತಿದ್ದಳು. ಕಪ್ಪು ಅಬಾಯಾ, ತಗ್ಗಿಸಿದ ಮುಖ. ಅವಳ ಮುಂದಿನ ಹೊಸ್ತಿಲು ಖರ್ಜೂರದ ಮರದ್ದು. ಮರದ ಸೀಳಿನಲ್ಲೆಲ್ಲ ಕರಿನೂಲಿನ ಗಂಟುಗಳು, ನೂರಾರು, ಬಿತ್ತಿದ ಎಳ್ಳಿನ ಹಾಗೆ. ಲತೀಶ ಫೋಟೋ ತೆಗೆದ. ಅವಳು ಅಲುಗಲಿಲ್ಲ. ಪಕ್ಕದಲ್ಲಿ ಒಂದು ಲೋಟ ನೀರಿತ್ತು. ಅವಳು ಅದನ್ನು ಅವನ ಕಡೆ ಸರಿಸಿದಳು. ಬಾಯಾರಿತ್ತು, ಕುಡಿದ. ಇಷ್ಟಾದರೂ ಅವನು ಬಾಯಿ ಬಿಟ್ಟಿರಲಿಲ್ಲ ಎನ್ನಬೇಕು, ಪಾಪ.

ನಮ್ಮ ಕಡೆಯವರಿಗೆ ಒಂದು ಅಭ್ಯಾಸ ಉಂಟು. ಯಾರ ಮನೆಯಿಂದ ಹೊರಟರೂ 'ಹೋಗ್ತೇನೆ' ಅನ್ನುವುದಿಲ್ಲ. ಹೋಗುವುದು ಹೆಣ. ಬದುಕಿರುವವರು 'ಬರ್ತೇನೆ' ಎನ್ನಬೇಕು, ತುಳುವಿನಲ್ಲಾದರೆ 'ಬರ್ಪೆ'. ಚಿಕ್ಕಂದಿನಲ್ಲಿ ಒಮ್ಮೆ ಶಾಲೆಗೆ ಹೊರಟ ಲತೀಶ 'ಪೋಪೆ' ಎಂದದ್ದಕ್ಕೆ ಅವನ ತಾಯಿ ರತ್ನಾವತಿ ಬೆನ್ನಿಗೊಂದು ಬಿಟ್ಟು, ವಾಪಸು ಕರೆದು, ಕೂರಿಸಿ, ಸರಿಯಾಗಿ ಹೇಳಿಸಿ ಕಳಿಸಿದ್ದರು. ಆ ಪೆಟ್ಟು ಮರೆತಿರಬಹುದು, ನಾಲಿಗೆ ಮರೆತಿರಲಿಲ್ಲ. ಲೋಟ ಕೆಳಗಿಟ್ಟು ತಿರುಗುವಾಗ ಅದು ತಾನಾಗಿ ಹೊರಟಿತು.

"ಬರ್ಪೆ ಅಮ್ಮಾ."

ಮುದುಕಿ ಮುಖ ಎತ್ತಿದಳು. ಕಣ್ಣಿನ ಬಿಳಿ ಎಲ್ಲಿ ಮುಗಿಯುತ್ತದೆ, ಕಪ್ಪು ಎಲ್ಲಿ ಶುರುವಾಗುತ್ತದೆ ಎಂದು ಗೊತ್ತಾಗದ ಮುಖ.

"ಮತಾ?" ಎಂದು ಕೇಳಿದಳು.

ಯಾವಾಗ ಎಂದರ್ಥ. ಅಷ್ಟು ಅರಬಿ ಅವನಿಗೆ ಬರುತ್ತಿತ್ತು. ಸುಮ್ಮನೆ ತಲೆಯಾಡಿಸಿ ಹೊರಗೆ ಬಂದ. ಗೇಟು ದಾಟಿ, ಪಂಪ್‌ಸೆಟ್ಟಿನ ಸದ್ದು ಕಿವಿಗೆ ಬಿದ್ದು, ಅರ್ಧ ದಾರಿ ಬಂದ ಮೇಲೆ ಅವನು ತಟಕ್ಕನೆ ಬ್ರೇಕು ಒತ್ತಿದ. ತಾನು ಹೇಳಿದ್ದು ತುಳುವಿನಲ್ಲಿ. ಅದು ಅವಳಿಗೆ ಅರ್ಥವಾದದ್ದು ಹೇಗೆ?

ಕಜೆಟನ್ ಕ್ಯಾಬಿನ್ನಿನ ಬಾಗಿಲಲ್ಲೇ ಕಾಯುತ್ತಿದ್ದರು. "ಮಾತಾಡಿದಿಯಾ?"

"ಎಂತ ಮಾತು? ಹೊರಡುವಾಗ ಬರ್ಪೆ ಅಂದೆ, ಅಷ್ಟೆ."

ಕಜೆಟನ್ ಕುರ್ಚಿಯಲ್ಲಿ ಕುಸಿದು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. ಮುಖ ಗೋಡೆಯ ಕಡೆ ತಿರುಗಿತ್ತು, ಭುಜ ಕುಲುಕುತ್ತಿತ್ತು. ಹೆದರಿ ಅಳುತ್ತಿದ್ದಾರೆ ಎಂದುಕೊಂಡ ಲತೀಶ. ಆದರೆ ಹಾಗೆ ಅಳುವವರು ನಡುನಡುವೆ ನಗುತ್ತಾರೆಯೇ?

ಮರುದಿನ ಮಂಗಳವಾರ ಬೆಳಿಗ್ಗೆ ರಜೆಗೆ ಸಹಿ ಬಿತ್ತು. ಅವನು ಹೊರಡುವ ಹೊತ್ತಿಗೆ ಕಜೆಟನ್ ಗಡ್ಡ ಬೋಳಿಸಿ, ಇಸ್ತ್ರಿ ಅಂಗಿ ಹಾಕಿ, ಮುದೀರರ ಮುಂದೆ ಅರ್ಜಿ ಹಿಡಿದು ನಿಂತಿದ್ದರು. ಅವರಿಗೂ ರಜೆ ಬೇಕಂತೆ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ.

ಅನುಮಾನಕ್ಕೆ ಒಂದು ಹುಳವಿದ್ದರೆ ಸಾಕು, ತಾನೇ ಮರಿ ಹಾಕುತ್ತದೆ. ಪಿಕಪ್ ಓಡಿಸುತ್ತಾ ಲತೀಶ ಅದನ್ನೇ ಮೆಲುಕು ಹಾಕಿದ. ಹೆದ್ದಾರಿ ಸಿಕ್ಕಿತು, ದಕ್ಷಿಣಕ್ಕೆ ತಿರುಗಿದ. ಮುತ್ಲಾ ದಿಬ್ಬದ ಬೋರ್ಡು ಕಂಡಿತು, ಜಹ್ರಾದ ಬೋರ್ಡು ಕಂಡಿತು. ಜಹ್ರಾ ದಾಟಿ ಒಂದು ತಿರುವು ತೆಗೆದುಕೊಂಡ. ಎದುರಿಗೆ ಗೇಟು. ಹಾಕಿದ ಹಾಡು ನಡುವಿನಲ್ಲೇ ನಿಂತಿತ್ತು. ಮೊಬೈಲಿನಲ್ಲಿ ಇರಾಕಿನ ಸ್ವಾಗತ. ಗಡಿಯಾರದಲ್ಲಿ ಸರಿಯಾಗಿ ಹತ್ತು.

ಗೇಟು ತೆರೆದಿತ್ತು. ಒಳಗೆ ಹೊಸ್ತಿಲ ಮುಂದೆ ಇವತ್ತು ಚಾಪೆ ಹಾಸಿತ್ತು.

ಅವನು ಗಾಡಿ ತಿರುಗಿಸಿ ಓಡಿಸಿದ. ಈ ಸಲ ರಸ್ತೆ ಸರಿಯಾಗಿಯೇ ಹವಲ್ಲಿಗೆ ಒಯ್ದಿತು. ಬಿಸಿಲಿಗೆ ತಲೆ ತಿರುಗಿತು, ನಿನ್ನೆಯ ನೀರಿನಲ್ಲಿ ಏನೋ ಹಾಕಿದ್ದರು, ಕಜೆಟನ್ ಬೆಳಗಿನ ಚಹಾದಲ್ಲಿ ಏನೋ ಕೊಟ್ಟಿದ್ದಾನೆ, ಹೀಗೆ ತನಗೆ ತಾನೇ ಹತ್ತು ಸಮಾಧಾನ ಹೇಳಿಕೊಂಡ. ಹೇಳಿಕೊಂಡವನಿಗೇ ಒಂದೂ ಹಿಡಿಸಲಿಲ್ಲ.

ಬುಧವಾರ ಗಾಡಿಯ ಸುದ್ದಿಗೇ ಹೋಗಲಿಲ್ಲ. ಫ್ಲ್ಯಾಟಿನ ಕೆಳಗಿನ ಬಕಾಲಾ ಅಂಗಡಿಯಿಂದ ಹತ್ತು ಕಿಲೋ ಅಕ್ಕಿ ಹೊತ್ತು, ಬಾತ್‌ರೂಮ್ ಚಪ್ಪಲಿಯಲ್ಲೇ ಮೂರು ಮಹಡಿ ಹತ್ತಿದ. ಮೆಟ್ಟಿಲಲ್ಲಿ ಯಾರದೋ ಮನೆಯ ಮೀನು ಹುರಿಯುವ ವಾಸನೆ, ಯಾರದೋ ಟೀವಿ. ಬೀಗ ತೆಗೆದ. ಬಾಗಿಲು ದೂಡಿ ಒಳಗೆ ಕಾಲಿಟ್ಟ.

ಕಾಲ ಕೆಳಗೆ ಮರಳು.

ಟೀವಿಯ ಸದ್ದು ಕಡಿದು ಹೋಯಿತು. ಮೀನಿನ ವಾಸನೆ ಇದ್ದ ಕಡೆ ಕೂದಲು ಸುಟ್ಟ ವಾಸನೆ. ಎದುರಿಗೆ ಒಣ ಖರ್ಜೂರದ ಸಾಲು. ಹಿಂದೆ ತಿರುಗಿದ, ಬಾಗಿಲಿಲ್ಲ, ಗೇಟು. ಅಕ್ಕಿಯ ಮೂಟೆ ಹೆಗಲಿಂದ ಜಾರಿ ಬಿದ್ದು ಒಡೆಯಿತು. ಮುದುಕಿ ಚಾಪೆಯ ಅಂಚನ್ನು ಕೈಯಲ್ಲಿ ಸವರಿ ಸರಿಮಾಡಿದಳು. ನಿನ್ನೆಗಿಂತ ಒಂದು ಗೇಣು ಮುಂದೆ ಕೂತಿದ್ದಳು.

ಎರಡು ಕಿಲೋಮೀಟರು ಬಿಸಿಲಲ್ಲಿ, ಬಾತ್‌ರೂಮ್ ಚಪ್ಪಲಿಯಲ್ಲಿ ನಡೆದು ಅವನು ಬಲದಿಯಾಕ್ಕೆ ಬಂದಾಗ ಕಜೆಟನ್ ಸೂಟ್‌ಕೇಸಿಗೆ ಬಟ್ಟೆ ತುಂಬುತ್ತಿದ್ದರು. ಲತೀಶ ಅವರ ಅಂಗಿಯ ಕೊರಳು ಹಿಡಿದ.

"ನನಗೆ ಎಂತ ಮಾಡಿಸಿದ್ದೀರಿ? ಮಾಟವಾ?"

"ನಾನಲ್ಲ." ಕಜೆಟನ್ ಬಿಡಿಸಿಕೊಳ್ಳಲಿಲ್ಲ. "ಕೂತ್ಕೋ. ನೀರು ಕುಡಿ. ಹೇಳ್ತೇನೆ."

ಅವರು ಹೇಳಿದ್ದು ಇಷ್ಟು. ಆ ಮುದುಕಿಗೆ ಒಬ್ಬನೇ ಮಗ. ಯುದ್ಧದ ವರ್ಷ ಬರ್ತೇನೆ ಎಂದು ಹೇಳಿ ಹೊಸ್ತಿಲು ದಾಟಿದವನು ಬರಲಿಲ್ಲ. ಗಡಿಯಾಚೆಯ ಒಬ್ಬ ಮಂತ್ರಗಾರನನ್ನು ಕರೆಸಿ ಆಕೆ ಹೊಸ್ತಿಲಿಗೆ ಕಟ್ಟು ಹಾಕಿಸಿದಳು. ಬರ್ತೇನೆ ಎಂದವನು ಬರಲೇಬೇಕು, ಎಲ್ಲಿದ್ದರೂ ಬರಬೇಕು, ದಿನಾ ಬರಬೇಕು. ಮಗ ಆಗಲೇ ಸತ್ತಿದ್ದ. ಕಟ್ಟಿಗೆ ಅದು ಗೊತ್ತಿಲ್ಲ. ಅದಕ್ಕೆ ಆ ಒಂದು ಮಾತು ಮಾತ್ರ ಗೊತ್ತು, ಯಾವ ಭಾಷೆಯಲ್ಲಿ ಹೇಳಿದರೂ ಗೊತ್ತಾಗುತ್ತದೆ.

"ಇಲ್ಲಿನವರು ಹೊರಡುವಾಗ ದೇವರ ಹೆಸರು ಹೇಳಿ ಹೊರಡ್ತಾರೆ. ಅವರಿಗೆ ಏನೂ ಆಗ್ಲಿಲ್ಲ. ನನ್ನ ಮೊದಲು ಸಿಕ್ಕಿದವ ಒಬ್ಬ ಬಂಗಾಳಿ. ಅವರೂ ನಮ್ಮ ಹಾಗೇ, ಹೋಗುವಾಗ ಬರ್ತೇನೆ ಅಂತಾರೆ. ಮತ್ತೆ ನಾನು. ಕೊಂಕಣಿಯಲ್ಲಿ ಯೆತಾಂ ಅಂದೆ." ಕಜೆಟನ್ ತಮ್ಮ ಕೈಗಳನ್ನೇ ನೋಡಿಕೊಂಡರು. "ಹತ್ತು ಗಂಟೆಗೆ ಮುಖ ತೋರಿಸಿದರೆ ಉಳಿದ ದಿನ ನಿನ್ನದು. ನೀನಾಗಿ ಹೋಗದಿದ್ದರೆ ಅದೇ ತರಿಸ್ತದೆ. ವಿಮಾನಕ್ಕೆ ಲೈನಿನಲ್ಲಿ ನಿಂತಿದ್ದೆ ನಾನು, ಕೈಯಲ್ಲಿ ಬೋರ್ಡಿಂಗ್ ಪಾಸ್. ಬಾಗಿಲು ದಾಟಿದೆ, ಅವಳ ಮುಂದೆ ಇದ್ದೆ."

"ಆ ಮುದುಕಿ ಬದುಕಿದ್ದಾಳಾ?"

"ಕೇಳ್ಲಿಲ್ಲ. ಇಪ್ಪತ್ತೆರಡು ವರ್ಷದಿಂದ ಅವಳಿಗೆ ಅಷ್ಟೇ ಪ್ರಾಯ."

"ಬಿಡುಗಡೆ?"

ಕಜೆಟನ್ ಸೂಟ್‌ಕೇಸಿನ ಮುಚ್ಚಳ ಹಾಕಿದರು. "ಒಂದು ಸಲಕ್ಕೆ ಒಬ್ಬರೇ. ಹೊಸಬರು ಯಾರಾದ್ರೂ ಆ ಮಾತು ಹೇಳಿದ್ರೆ ಹಳಬರಿಗೆ ಬಿಡುಗಡೆ."

ಲತೀಶನಿಗೆ ಈಗ ಎಲ್ಲ ಕಂಡಿತು. ಎಚ್ಚರಿಕೆ, ಮಡಚಿದ ಬೆರಳು, ಅಳುವಿನ ನಡುವಿನ ನಗು. "ಬಾಯಿ ಬಿಡಬೇಡ ಅಂದಿರಿ. ಯಾಕೆ ಅಂತ ಹೇಳ್ಲಿಲ್ಲ. ಹೇಳಿದ್ದರೆ ನಾನು ಆ ಮಾತು ಹೇಳ್ತಿರಲಿಲ್ಲ."

"ಮೂರು ಸಲ ಹೇಳಿದೆ ತಾನೆ?" ಕಜೆಟನ್ ಮತ್ತೆ ಮೂರು ಬೆರಳು ಮಡಚಿ ತೋರಿಸಿದರು. "ದೇವರ ಮುಂದೆ ಹೇಳ್ಲಿಕ್ಕೆ ನನಗೆ ಅಷ್ಟು ಉಂಟು. ಒಲಿಂಡಾ ತೀರಿಹೋದಾಗ ಮಣ್ಣಿಗೆ ಹೋಗ್ಲಿಕ್ಕೆ ಆಗ್ಲಿಲ್ಲ ನನಗೆ. ಕಟ್ಟಿಕೊಂಡ ಹೆಂಡತಿಯನ್ನು ಹೂಳೋದನ್ನ ಫೋನಿನಲ್ಲಿ ನೋಡಿದೆ. ನನ್ನನ್ನು ಬೈ ನೀನು, ಬೈದರೆ ತಪ್ಪಿಲ್ಲ."

ಬೈಯಬೇಕೆಂದಿದ್ದ ಲತೀಶನ ತಲೆಯೊಳಗೆ ಒಂದು ಹೇಸಿಗೆಯ ಯೋಚನೆ ಹರಿದಾಡುತ್ತಿತ್ತು. ಯಾರನ್ನು ಕಳಿಸಬಹುದು. ಆ ಯೋಚನೆ ಎಷ್ಟು ಸಲೀಸಾಗಿ ಬಂತು ಎಂಬುದಕ್ಕೇ ಅವನಿಗೆ ನಾಚಿಕೆಯಾಯಿತು.

ಗುರುವಾರ ಬೆಳಿಗ್ಗೆ ಅವನು ತಾನಾಗಿಯೇ ಹೋದ. ಹತ್ತಕ್ಕೆ ಮುಖ ತೋರಿಸಿದರೆ ಹತ್ತೂವರೆಗೆ ಬಿಡುವು. ವಿಮಾನ ಇಳಿಯುವುದು ಎರಡೂವರೆಗೆ. ಮಗಳು ಬರಲಿ, ಉಳಿದದ್ದು ಆಮೇಲೆ.

ಹೋಗುವಾಗಲೇ ಬಾನಂಚಿನಲ್ಲಿ ಕಂದು ಗೋಡೆ ಎದ್ದಿತ್ತು. ಅವನು ಗೇಟು ದಾಟುವಷ್ಟರಲ್ಲಿ ಧೂಳು ಬಂದು ಮುಚ್ಚಿತು. ಹಗಲು ಹತ್ತು ಗಂಟೆಗೆ ಸೂರ್ಯ ಆರಿಹೋದ. ಕೈ ಚಾಚಿದರೆ ಕೈ ಕಾಣದ ಮಣ್ಣು ಬಣ್ಣದ ಕತ್ತಲು, ಹಲ್ಲಿನ ನಡುವೆ ಮರಳು, ಮೂಗಿನಲ್ಲಿ ಸುಟ್ಟ ಕೂದಲು. ಇಷ್ಟು ಗಾಳಿ ಬೀಸುತ್ತಿದ್ದರೂ ಸದ್ದಿಲ್ಲ. ಎದುರಿಗೆ ಎಲ್ಲೋ ಚಾಪೆ ಸರಿದ ಸಪ್ಪಳ ಮಾತ್ರ.

ಅಷ್ಟರಲ್ಲಿ ಫೋನು ಬಂತು. ಆ ಗೇಟಿನೊಳಗೆ ಎಂದೂ ಬಾರದ ಫೋನು. ತೆಗೆದರೆ ನವ್ಯಶ್ರೀ, ಊರಿನ ವಿಮಾನ ನಿಲ್ದಾಣದಿಂದ. ಕಣ್ಣಿಗೆ ಧೂಳು ತುಂಬಿದ ಅವನು ಯಾವ ಗುಂಡಿ ಒತ್ತಿದನೋ, ಸ್ಪೀಕರ್ ಹಾಕಿಕೊಂಡಿತು.

"ಬೋರ್ಡಿಂಗ್ ಶುರುವಾಯ್ತು. ಇವಳು ನಿಮ್ಮ ಹತ್ರ ಮಾತಾಡ್ಬೇಕಂತೆ."

"ನವ್ಯಾ, ಕೊಡಬೇಡ. ಕೊಡಬೇಡ ಅವಳಿಗೆ."

"ಪಪ್ಪಾ." ಪಕ್ಕದಲ್ಲೇ ನಿಂತ ಹಾಗೆ ಸ್ಪಷ್ಟ ದನಿ. "ನಾನು ಬರ್ತೇನೆ, ಓಕೆ?"

ಅವನು ಫೋನು ಎದೆಗೆ ಒತ್ತಿಕೊಂಡ. ಅದು ತಡವಾಗಿತ್ತು. ಕತ್ತಲಿನಿಂದ, ಅವನ ಮೊಣಕಾಲಿನಷ್ಟು ಹತ್ತಿರದಿಂದ, ಪ್ರಶ್ನೆ ಬಂತು.

"ಮತಾ?"

ಎದೆಗೊತ್ತಿದ ಫೋನಿನೊಳಗೆ ಅಶ್ಮಿತಾ ನಗುತ್ತಿದ್ದಳು. "ಪಪ್ಪಾ, ಯಾರೋ ಅಜ್ಜಿ ಯಾವಾಗ ಬರ್ತೀ ಅಂತ ಕೇಳಿದ್ರು. ಟುಡೇ ಅಂತ ಹೇಳಿ. ಟುಡೇ, ಟುಮಾರೋ, ಎವ್ರಿ ಡೇ."

ಫೋನು ಕಡಿಯಿತು. ಅವನ ಪಾದಕ್ಕೆ ಯಾರೋ ಕಟ್ಟಿದ್ದ ಭಾರ ಬಿಚ್ಚಿದ ಹಾಗಾಯಿತು. ಪಂಪ್‌ಸೆಟ್ಟಿನ ಸದ್ದು ಕೇಳಿಸಿತು, ಲಾರಿಯ ಹಾರನ್ನು ಕೇಳಿಸಿತು. ಇಷ್ಟು ಸುಖ ಅವನ ಮೈಗೆ ಎಂದೂ ಆಗಿರಲಿಲ್ಲ, ಇಷ್ಟು ಭಯ ಮನಸ್ಸಿಗೆ ಎಂದೂ ಆಗಿರಲಿಲ್ಲ. ಬಿಡುಗಡೆಯೆಂದರೆ ಏನೆಂದು ನಿನ್ನೆ ತಾನೇ ಕೇಳಿದ್ದ. ಆದರೂ, ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ, ಮಕ್ಕಳು ಹೇಳಿದ್ದು ಲೆಕ್ಕಕ್ಕಿಲ್ಲ ಎಂದು ಏರ್‌ಪೋರ್ಟಿನ ದಾರಿಯುದ್ದಕ್ಕೂ ಜೋರಾಗಿಯೇ ಹೇಳಿಕೊಳ್ಳುತ್ತಾ ಹೋದ.

ಅಶ್ಮಿತಾ ಅವನಿಗೆ ನೆನಪಿದ್ದಷ್ಟು ಚಿಕ್ಕವಳಾಗಿರಲಿಲ್ಲ. ಮುಂದಿನ ಎರಡು ಹಲ್ಲು ಬಿದ್ದಿದ್ದವು. ಮೊದಲು ನಾಚಿ ಅಮ್ಮನ ಹಿಂದೆ ನಿಂತಳು, ಆಮೇಲೆ ಅವನ ಬೆರಳು ಹಿಡಿದವಳು ಬಿಡಲಿಲ್ಲ. ಆ ರಾತ್ರಿ ಊಟಕ್ಕೆ ಕೂತಾಗ ಅವಳೆಂದಳು, "ಅಜ್ಜಿ ಮನೆಗೆ ಯಾವಾಗ ಹೋಗೋದು?"

"ಯಾವ ಅಜ್ಜಿ?" ಎಂದಳು ನವ್ಯಶ್ರೀ. "ನಿನ್ನ ಅಜ್ಜಿ ಊರಲ್ಲಿದ್ದಾರಲ್ಲ."

ಲತೀಶ ತಟ್ಟೆಯಲ್ಲೇ ಕೈ ತೊಳೆದ. ನವ್ಯಶ್ರೀ ಅವನನ್ನು ಒಮ್ಮೆ, ಮಗಳನ್ನು ಒಮ್ಮೆ ನೋಡಿದಳು. ಕೇಳಬಾರದ್ದು ಏನೋ ಇದೆ ಎಂಬುದು ಹೆಂಗಸರಿಗೆ ಹೇಗೋ ಗೊತ್ತಾಗುತ್ತದೆ.

ಶುಕ್ರವಾರ ಬೆಳಿಗ್ಗೆ ಅವನು ಮನೆಬಾಗಿಲಿಗೆ ಒಳಗಿನಿಂದ ಬೀಗ ಜಡಿದು ಬೀಗದ ಕೈ ಜೇಬಿಗೆ ಹಾಕಿಕೊಂಡ. ಅಡುಗೆಮನೆಯಲ್ಲಿ ನವ್ಯಶ್ರೀ ದೋಸೆ ಹುಯ್ಯುತ್ತಿದ್ದಳು. ಮಲಗುವ ಕೋಣೆಯಲ್ಲಿ ಗುಲಾಬಿ ಹಾಸಿನ ಮೇಲೆ ಮಗಳನ್ನು ಕೂರಿಸಿಕೊಂಡು ಅವಳ ಮಣಿಕಟ್ಟನ್ನು ಎರಡೂ ಕೈಯಲ್ಲಿ ಹಿಡಿದ. ಒಂಬತ್ತು ಐವತ್ತು. ಐವತ್ತೈದು.

"ಪಪ್ಪಾ, ನೋವಾಗ್ತದೆ."

"ಸ್ವಲ್ಪ ಹೊತ್ತು ಪುಟ್ಟಾ."

ಐವತ್ತೊಂಬತ್ತು. ದೋಸೆಯ ಚುಯ್ ಸದ್ದು ನಿಂತಿತು. ಲೋಬಾನ. ಸುಟ್ಟ ಕೂದಲು. ಗೋಡೆಯ ಬಟ್ಟೆ ಕಪಾಟಿನ ಬಾಗಿಲು ತಾನಾಗಿ ಒಂದು ಬೆರಳಿನಷ್ಟು ತೆರೆಯಿತು.

"ಬಂದೆ" ಎಂದಳು ಅಶ್ಮಿತಾ. ಅವನಿಗಲ್ಲ.

ಎದ್ದಳು. ಆರು ವರ್ಷದ ಹುಡುಗಿ, ಅವನನ್ನು ಎಳೆದುಕೊಂಡು ಎದ್ದಳು. ಅವನು ಮಂಚದ ಕಾಲು ಹಿಡಿದ. ಮಂಚ ಜರುಗಿತು. ಹಿಡಿತ ತಪ್ಪಿತು. ಮಣಿಕಟ್ಟು ಮಾತ್ರ ಬಿಡಲಿಲ್ಲ. ಕಪಾಟಿನೊಳಗೆ ಬಟ್ಟೆ ಇರಲಿಲ್ಲ. ಬಿಸಿಲಿತ್ತು. ಮರಳಿತ್ತು.

ಅವಳು ಓಡುತ್ತಿದ್ದಳು. ಅವನು ಹಿಂದೆ, ಮುಗ್ಗರಿಸುತ್ತಾ. ಒಣ ಮರ. ಒಣ ಮರ. ಮನೆ. ಮುದುಕಿ ಎದ್ದು ನಿಂತಿದ್ದಳು. ಅಷ್ಟು ದಿನ ಕೂತಲ್ಲೇ ಕೂತವಳು ಬಾಗಿಲಿನಿಂದ ಪಕ್ಕಕ್ಕೆ ಸರಿದು ದಾರಿ ಬಿಟ್ಟಿದ್ದಳು. ಅವನನ್ನು ಯಾವತ್ತೂ ಒಳಗೆ ಕರೆದಿರಲಿಲ್ಲ. ಮಗುವನ್ನು ಕರೆಯುತ್ತಿದ್ದಳು. ಒಳಗೆ ಕತ್ತಲು. ಕತ್ತಲೊಳಗೆ ಹಾಸಿದ ಒಂದು ಸಣ್ಣ ಹಾಸಿಗೆ.

"ಅಶ್ಮಿ, ನಿಲ್ಲು."

ನಿಲ್ಲಲಿಲ್ಲ. ಬೆವರಿಗೆ ಮಣಿಕಟ್ಟು ಜಾರಿತು. ಅವಳ ಒಂದು ಕಾಲು ಹೊಸ್ತಿಲಿನ ಮೇಲೆ. ಗಂಟುಗಳೆಲ್ಲ ಒಟ್ಟಿಗೆ ಮಿಸುಕಿದವು. ಅವನು ಬಿದ್ದ. ಬಿದ್ದಲ್ಲಿಂದಲೇ ಕೂಗಿದ.

"ನಾನು ಬರ್ತೇನೆ."

ಮುದುಕಿ ತಿರುಗಿದಳು.

"ಅವಳಲ್ಲ. ನಾನು. ಬರ್ಪೆ ಅಮ್ಮಾ. ಬರ್ಪೆ."

"ಮತಾ?"

ಗಂಟಲಲ್ಲಿ ಮರಳು. ಮೊಣಕಾಲೂರಿ ಎದ್ದ. "ದಿನಾ. ಸಾಯುವವರೆಗೆ ದಿನಾ."

ಮುದುಕಿ ಅವನನ್ನು ನೋಡಿದಳು. ಮಗುವನ್ನು ನೋಡಿದಳು. ಬಹಳ ಹೊತ್ತು. ಆಮೇಲೆ ಮತ್ತೆ ಬಾಗಿಲಿಗೆ ಅಡ್ಡವಾಗಿ ಕೂತು ಮುಖ ತಗ್ಗಿಸಿದಳು. ಅವನ ಪಾದ ಭಾರವಾಯಿತು. ಅಶ್ಮಿತಾ ಈಗಷ್ಟೇ ನಿದ್ದೆಯಿಂದ ಎದ್ದವಳ ಹಾಗೆ ಸುತ್ತಲೂ ನೋಡಿ, ಕಾಲು ಸುಡುತ್ತದೆ ಎಂದು ಅತ್ತಳು.

ಮಗಳನ್ನು ಹೆಗಲಿಗೆ ಹಾಕಿಕೊಂಡು ಅವನು ಬಲದಿಯಾಕ್ಕೆ ನಡೆದು ಬಂದಾಗ ಕಜೆಟನ್ ಸೂಟ್‌ಕೇಸನ್ನು ಕಾರಿಗೆ ಹಾಕುತ್ತಿದ್ದರು. ಮಗುವನ್ನು ನೋಡಿದ ಕೂಡಲೇ ಅವರಿಗೆ ಎಲ್ಲ ಗೊತ್ತಾಯಿತು. ಏನೂ ಕೇಳದೆ ಹಿಂದಿನ ಬಾಗಿಲು ತೆರೆದರು. ಹವಲ್ಲಿಗೆ ಕಾರು ಓಡಿಸಿದರು. ಫ್ಲ್ಯಾಟಿನ ಕೆಳಗೆ ಇಳಿಸಿ, "ನನ್ನನ್ನು ಕ್ಷಮಿಸು ಅಂತ ಕೇಳೋದಿಲ್ಲ" ಎಂದರು. ವಿಮಾನ ನಿಲ್ದಾಣದ ಕಡೆ ಹೊರಟುಹೋದರು. ಅವರ ಮೇಲೆ ಸಿಟ್ಟು ಮಾಡಬೇಕೆಂದು ಲತೀಶ ಹುಡುಕಿದ, ಸಿಟ್ಟು ಸಿಗಲಿಲ್ಲ.

ಮೇಲೆ ನವ್ಯಶ್ರೀ ಬೀಗ ಹಾಕಿದ ಬಾಗಿಲಿನ ಒಳಗೆ, ಜರುಗಿದ ಮಂಚದ ಪಕ್ಕ ನೆಲದಲ್ಲಿ ಕೂತಿದ್ದಳು. ಅವನು ಎಲ್ಲ ಹೇಳಿದ. ಅವಳು ನಂಬಿದಳೋ ಇಲ್ಲವೋ ಹೇಳಲಿಲ್ಲ. ಮುಂದಿನ ಐದು ದಿನ, ಬೆಳಿಗ್ಗೆ ಎಂಟೂವರೆಗೆ ಅವನು ಗಾಡಿಯ ಕೀ ತೆಗೆದುಕೊಳ್ಳುವಾಗ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಆರನೇ ದಿನ ಕೇಳಿದಳು, "ನಿಜ ಹೇಳಿ. ಅಲ್ಲಿ ಯಾರಿದ್ದಾಳೆ?" ಬೀಗ ಹಾಕಿದ ಕೋಣೆಯಿಂದ ಗಂಡ, ಮಗಳು ಮಾಯವಾದದ್ದನ್ನು ಕಂಡವಳಿಗೂ ಅದಕ್ಕಿಂತ ಇದನ್ನು ನಂಬುವುದು ಸುಲಭವಾಗಿತ್ತು. ಅವನೂ ಅದನ್ನು ಅಲ್ಲಗಳೆಯಲಿಲ್ಲ. ನಂಬಿದರೆ ನಂಬಲಿ, ಬೇಗ ಹೊರಡುತ್ತಾಳೆ ಎಂದುಕೊಂಡ. ಫ್ಲ್ಯಾಟಿನ ಬಾಗಿಲುಗಳಿಗೆಲ್ಲ ಈಗ ಆ ತೋಟದ ದಾರಿ ಗೊತ್ತಿತ್ತು. ಮಗಳು ಈ ಫ್ಲ್ಯಾಟಿನಲ್ಲಿ ಒಂದು ದಿನ ಹೆಚ್ಚು ಇರುವುದೂ ಅವನಿಗೆ ಬೇಡವಾಗಿತ್ತು.

ತಿಂಗಳ ವೀಸಾದಲ್ಲಿ ಒಂಬತ್ತೇ ದಿನ ಕಳೆದು ಅವರು ವಾಪಸು ಹೊರಟರು. ಏರ್‌ಪೋರ್ಟಿಗೆ ಹೋಗುವ ಹೊತ್ತೂ ತೋಟದ ಹತ್ತು ಗಂಟೆಯೂ ಒಂದೇ, ಆ ಹೊತ್ತು ಅವನದ್ದಾಗಿರಲಿಲ್ಲ. ಕೆಳಗೆ ಟ್ಯಾಕ್ಸಿ ಬಂದು ನಿಂತಿತ್ತು. ಪೆಟ್ಟಿಗೆ ಹೊರಗಿಟ್ಟು ನವ್ಯಶ್ರೀ ಅವನ ಮುಖ ನೋಡದೆ ಮೆಟ್ಟಿಲ ಹತ್ತಿರ ನಿಂತಳು. ಅಶ್ಮಿತಾ ಬಾಗಿಲಲ್ಲಿ ಚಪ್ಪಲಿ ಹಾಕಿಕೊಂಡು, ಅಜ್ಜಿ ರತ್ನಾವತಿ ಕಲಿಸಿದ ಹಾಗೆ ಹೊಸ್ತಿಲಲ್ಲಿ ತಿರುಗಿ ನಿಂತು, ಹೇಳಲು ಬಾಯಿ ತೆರೆದಳು.

ಅವನು ಅಂಗೈಯಿಂದ ಅವಳ ಬಾಯಿ ಮುಚ್ಚಿದ. ಸ್ವಲ್ಪ ಜೋರಾಗಿಯೇ. ಅವಳ ಕಣ್ಣು ಹೆದರಿ ಅಗಲವಾಯಿತು.

"ಹಾಗೆ ಹೇಳಬಾರದು ಪುಟ್ಟಾ. ಹೋಗ್ತೇನೆ ಅಂತ ಹೇಳು."

"ಎಂತ ಮಾತು ಹೇಳಿಸ್ತೀರಿ ಮಗುವಿನ ಹತ್ರ" ಎಂದಳು ನವ್ಯಶ್ರೀ. ಅವಳ ದನಿಯಲ್ಲಿ ಈಗ ಸಿಟ್ಟು ಇರಲಿಲ್ಲ, ಹೆದರಿಕೆ ಇತ್ತು.

ಅವನು ಕೈ ತೆಗೆಯಲಿಲ್ಲ. "ಹೇಳು. ಹೋಗ್ತೇನೆ ಅನ್ನು. ಪಪ್ಪನಿಗೋಸ್ಕರ."

ಅವನು ನಿಧಾನವಾಗಿ ಬೆರಳು ಸಡಿಲಿಸಿದ. ಅಶ್ಮಿತಾ ತಾಯಿಯನ್ನು ನೋಡಿದಳು, ಅವನನ್ನು ನೋಡಿದಳು, ತಪ್ಪು ಮಾಡಿದವಳ ಹಾಗೆ ತಲೆ ತಗ್ಗಿಸಿದಳು.

"ಹೋಗ್ತೇನೆ ಪಪ್ಪಾ" ಎಂದಳು.